ಒಡಹುಟ್ಟಿದವರ ಓಟ

ಈಜು, ಸೈಕಲ್ ಸವಾರಿ ಮತ್ತು ಓಟ. ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ, ಒಂದರ ಹಿಂದೆ ಒಂದಾಗಿ ಮಾಡಿ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 1974ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ ಕೆಲವು ಓಟಗಾರರು ಸೇರಿ ಇದನ್ನು ಈ ಹೆಸರಿನಲ್ಲಿ ಶುರು ಮಾಡಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸೇರ್ಪಡೆಯಾಯಿತು. ಅಲ್ಲಿ ಸ್ಪರ್ಧಿಗಳು 1.5 ಕಿಲೋಮೀಟರ್ ಈಜಿ, 40 ಕಿಲೋಮೀಟರ್ ಸೈಕಲ್ ತುಳಿದು, ಕೊನೆಗೆ 10 ಕಿಲೋಮೀಟರ್ ಓಡಬೇಕು. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಿಂದ ಅಂಗವಿಕಲ ಕ್ರೀಡಾಪಟುಗಳಿಗೂ ಈ ಸ್ಪರ್ಧೆ ನಡೆಯುತ್ತಿದೆ.

ಪ್ರಿಯ ಸಹಪಾಠಿಗಳೇ, ಪೋಷಕರೇ, ನಾವು ಬರೆಯ ಹೊರಟಿರುವುದು ಅಷ್ಟು ದೊಡ್ಡ ಸ್ಪರ್ಧೆಯ ಬಗ್ಗೆ ಅಲ್ಲ. 2023ರ ಫೆಬ್ರವರಿಯಲ್ಲಿ ಇಲ್ಲಿ ದುಬೈಯಲ್ಲಿ ಮಕ್ಕಳಿಗಾಗಿ ನಡೆದ ಒಂದು ಚಿಕ್ಕ ಟ್ರಯಥ್ಲಾನ್ ಬಗ್ಗೆ. 200 ಮೀಟರ್ ಈಜು, 6 ಕಿಲೋಮೀಟರ್ ಸೈಕಲ್, 2 ಕಿಲೋಮೀಟರ್ ಓಟ. ಅದರಲ್ಲಿ ನಾವು ಮೂವರು ಒಡಹುಟ್ಟಿದವರು ಒಂದೇ ತಂಡವಾಗಿ ಭಾಗವಹಿಸಿದೆವು. ಆಗ ನಮ್ಮಲ್ಲಿ ದೊಡ್ಡವಳಿಗೆ 15 ವರ್ಷ, ನಡುವಿನವನಿಗೆ 13 ವರ್ಷ, ಎಲ್ಲರಿಗಿಂತ ಚಿಕ್ಕವನಾದ ನಮ್ಮ ತಮ್ಮನಿಗೆ 10 ವರ್ಷ. ಈ ಲೇಖನವನ್ನು ಬರೆಯುತ್ತಿರುವವರು ದೊಡ್ಡವರಿಬ್ಬರು. ಆದರೆ ಪ್ರತಿ ಪ್ಯಾರಾವನ್ನೂ ತಮ್ಮನಿಗೆ ಓದಿ ಹೇಳಿ, ಅವನು ಒಪ್ಪಿದ ಮೇಲೆಯೇ ಮುಂದಿನದನ್ನು ಬರೆದಿದ್ದೇವೆ. ಆದ್ದರಿಂದ ಇಲ್ಲಿ ‘ನಾವು’ ಎಂದರೆ ಕೆಲವೆಡೆ ಇಬ್ಬರು, ಕೆಲವೆಡೆ ಮೂವರು.

ಸ್ಪರ್ಧೆ ಮುಗಿದ ಮೇಲೆ ಶಾಲೆಯಲ್ಲಿ ಹಲವರು ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು. “ಈಜಿದ್ದು, ಸೈಕಲ್ ತುಳಿದದ್ದು, ಓಡಿದ್ದು ಎಲ್ಲಾ ನೀವು. ತಮ್ಮ ಸುಮ್ಮನೆ ಕುಳಿತಿದ್ದನಲ್ಲ, ಅವನಿಗೂ ಪದಕ ಯಾಕೆ?” ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಎರಡು ಪೀರಿಯಡ್‌ಗಳ ನಡುವಿನ ಐದು ನಿಮಿಷದಲ್ಲಿ ಅದಕ್ಕೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಕನ್ನಡ ವಿಭಾಗಕ್ಕೆ ಏನಾದರೂ ಬರೆದುಕೊಡಿ ಎಂದು ನಮ್ಮ ಟೀಚರ್ ಹೇಳಿದಾಗ, ಆ ಉತ್ತರವನ್ನೇ ಬರೆಯೋಣ ಎಂದು ತೀರ್ಮಾನಿಸಿದೆವು.

ಮೊದಲು ತಮ್ಮನ ಪರಿಚಯ. ಮನೆಯಲ್ಲಿ ನಾವೆಲ್ಲ ಅವನನ್ನು ಪುಟ್ಟ ಎನ್ನುತ್ತೇವೆ. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಇದು ರೋಗವಲ್ಲ, ಅಂಟುವುದೂ ಇಲ್ಲ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಕೆಲ ಕಾಲದಲ್ಲಿ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಬರುವ ಸ್ಥಿತಿ. ಮಿದುಳಿನಲ್ಲಿ ಆದ ಆ ಹಾನಿ ಮುಂದೆ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಸ್ನಾಯುಗಳಿಗೆ ಮಿದುಳು ಕಳಿಸುವ ಆಜ್ಞೆಗಳು ಸರಿಯಾಗಿ ತಲುಪುವುದಿಲ್ಲ. ಕೆಲವರಿಗೆ ನಡಿಗೆ ಸ್ವಲ್ಪ ಕುಂಟುತ್ತದೆ ಅಷ್ಟೆ. ಇನ್ನು ಕೆಲವರಿಗೆ ಕೈ, ಕಾಲು, ಕುತ್ತಿಗೆ, ನಾಲಿಗೆ ಯಾವುದೂ ಹೇಳಿದ ಮಾತು ಕೇಳುವುದಿಲ್ಲ. ಪುಟ್ಟ ಈ ಎರಡನೇ ಗುಂಪಿಗೆ ಸೇರಿದವನು. ಅವನ ಸ್ನಾಯುಗಳು ಯಾವಾಗಲೂ ಬಿಗಿದುಕೊಂಡಿರುತ್ತವೆ. ನಡೆಯಲು ಬರುವುದಿಲ್ಲ, ಬಾಯಿಬಿಟ್ಟು ಮಾತನಾಡಲು ಬರುವುದಿಲ್ಲ. ಆದರೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ಅರ್ಥವಾಗುತ್ತದೆ. ಅಮ್ಮ ಫೋನಿನಲ್ಲಿ ಅಜ್ಜಿಯ ಹತ್ತಿರ ನಮ್ಮ ಮಾರ್ಕ್ಸ್ ಬಗ್ಗೆ ದೂರುವಾಗ ಎಲ್ಲರಿಗಿಂತ ಮೊದಲು ನಗುವವನು ಅವನೇ.

ಪುಟ್ಟ ಮಾತನಾಡುವುದು ಕಣ್ಣಿನಿಂದ. ಕಣ್ಣನ್ನು ಮೇಲೆತ್ತಿದರೆ ‘ಹೌದು’. ಒಂದು ಕ್ಷಣ ಗಟ್ಟಿಯಾಗಿ ಮುಚ್ಚಿಕೊಂಡರೆ ‘ಬೇಡ’. ಚಿತ್ರ ಮತ್ತು ಅಕ್ಷರಗಳಿರುವ ಒಂದು ಹಲಗೆಯೂ ಅವನ ಬಳಿ ಇದೆ. ನಾವು ಸಾಲುಸಾಲಾಗಿ ಬೆರಳಿಟ್ಟು ತೋರಿಸುತ್ತಾ ಹೋದರೆ, ಬೇಕಾದ ಕಡೆ ಅವನು ಕಣ್ಣೆತ್ತುತ್ತಾನೆ. ಒಂದು ಉತ್ತರಕ್ಕೆ ಕೆಲವೊಮ್ಮೆ ಹತ್ತು ಸೆಕೆಂಡ್ ಬೇಕು, ಒಂದು ವಾಕ್ಯಕ್ಕೆ ಐದು ನಿಮಿಷ ಬೇಕು. ಕಾಯುವ ತಾಳ್ಮೆ ಇದ್ದವರಿಗೆ ಅವನು ಬಹಳ ಮಾತುಗಾರ!

ಈ ದೇಶದಲ್ಲಿ 2017ರಿಂದ ಅಂಗವಿಕಲರನ್ನು ಅಧಿಕೃತವಾಗಿ ‘ಅಸ್ಹಾಬ್ ಅಲ್ ಹಿಮಮ್’ ಎಂದು ಕರೆಯುತ್ತಾರೆ. ದೃಢ ಸಂಕಲ್ಪವುಳ್ಳವರು ಎಂದು ಅದರ ಅರ್ಥ. ಅರಬ್ಬಿ ತರಗತಿಯಲ್ಲಿ ಈ ಪದವನ್ನು ಕಲಿತಾಗ ನಮಗೆ ಒಂದು ವಿಷಯ ಹೊಳೆಯಿತು. ನಮ್ಮ ಕಡೆಯೂ “ಹಿಮ್ಮತ್ತು ಇದ್ದರೆ ಬಾ” ಎನ್ನುತ್ತೇವಲ್ಲ, ಆ ಹಿಮ್ಮತ್ತು ಬಂದದ್ದು ಇದೇ ಅರಬ್ಬಿ ಪದದಿಂದ. ಮನೆಗೆ ಬಂದು ಪುಟ್ಟನಿಗೆ ಹೇಳಿದೆವು. ಅಂದಿನಿಂದ ಮನೆಯಲ್ಲಿ ಅವನಿಗೆ ‘ಹಿಮ್ಮತ್‌ವಾಲಾ’ ಎಂಬ ಬಿರುದೂ ಸೇರಿಕೊಂಡಿತು.

ಟ್ರಯಥ್ಲಾನ್ ವಿಚಾರ ನಮ್ಮ ತಲೆಗೆ ಬಂದದ್ದು ಬೇರೆಯವರ ಕಥೆಗಳಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಡಿಕ್ ಹಾಯ್ಟ್ ಎಂಬ ತಂದೆ, ರಿಕ್ ಹಾಯ್ಟ್ ಎಂಬ ಮಗ ಇದ್ದರು. 1962ರಲ್ಲಿ ಹುಟ್ಟಿದ ರಿಕ್‌ಗೂ ಪುಟ್ಟನ ಹಾಗೆ ಸೆರೆಬ್ರಲ್ ಪಾಲ್ಸಿ. ಮಾತು ಬಾರದ ಅವರಿಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಒಂದು ಕಂಪ್ಯೂಟರ್ ಮಾಡಿಕೊಟ್ಟರು. ತಲೆಯನ್ನು ಅಲ್ಲಾಡಿಸಿ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರ ಆರಿಸುವ ಯಂತ್ರ ಅದು. 1977ರಲ್ಲಿ ಅಪಘಾತಕ್ಕೀಡಾದ ಒಬ್ಬ ಆಟಗಾರನ ಸಹಾಯಾರ್ಥವಾಗಿ ನಡೆದ 5 ಮೈಲಿ ಓಟದಲ್ಲಿ ತಂದೆ ಮಗನ ಗಾಡಿಯನ್ನು ತಳ್ಳುತ್ತಾ ಓಡಿದರು. ಆ ಓಟಕ್ಕೆ ಹೋಗೋಣ ಎಂದು ಕೇಳಿದ್ದು ಮಗ. ಮನೆಗೆ ಬಂದ ಮೇಲೆ, ಓಡುವಾಗ ತನಗೆ ಅಂಗವೈಕಲ್ಯವೇ ಇಲ್ಲದಂತೆ ಅನಿಸಿತು ಎಂದು ಅವರು ಯಂತ್ರದ ಮೂಲಕ ತಿಳಿಸಿದರಂತೆ. ಅಲ್ಲಿಂದ ಆ ಜೋಡಿ ಸಾವಿರಕ್ಕೂ ಹೆಚ್ಚು ಸ್ಪರ್ಧೆಗಳಲ್ಲಿ ಓಡಿತು. ಬಾಸ್ಟನ್ ಮ್ಯಾರಥಾನ್ ಒಂದರಲ್ಲೇ 32 ಬಾರಿ ಓಡಿದರು. ಟ್ರಯಥ್ಲಾನ್‌ಗಾಗಿ ತಂದೆ ದೊಡ್ಡ ವಯಸ್ಸಿನಲ್ಲಿ ಈಜು ಕಲಿತರು. ಡಿಕ್ 2021ರಲ್ಲಿ, ರಿಕ್ 2023ರಲ್ಲಿ ತೀರಿಕೊಂಡರು.

ತಂದೆ ಮಗನ ಕಥೆ ಹಾಗಾದರೆ, ನಮ್ಮ ವಯಸ್ಸಿನವರ ಕಥೆಯೂ ಇದೆ. ಟೆನೆಸಿ ರಾಜ್ಯದ ಕಾನರ್ ಲಾಂಗ್ ಎಂಬ ಪುಟ್ಟ ಹುಡುಗ 2011ರಲ್ಲಿ ನ್ಯಾಶ್‌ವಿಲ್‌ನಲ್ಲಿ ನಡೆದ ಮಕ್ಕಳ ಟ್ರಯಥ್ಲಾನ್‌ನಲ್ಲಿ, ನಡೆಯಲೂ ಮಾತನಾಡಲೂ ಬಾರದ ತನ್ನ ತಮ್ಮ ಕೇಡನ್‌ನನ್ನು ಜೊತೆಗೆ ಕರೆದೊಯ್ದ. ಈಜುವಾಗ ಗಾಳಿ ತುಂಬಿದ ದೋಣಿಯಲ್ಲಿ ಎಳೆದ, ಸೈಕಲ್ಲಿಗೆ ಗಾಡಿ ಕಟ್ಟಿ ಎಳೆದ, ಓಡುವಾಗ ತಳ್ಳಿದ. ಮರುವರ್ಷ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಕಿಡ್ಸ್ ಪತ್ರಿಕೆ ಅಣ್ಣ ತಮ್ಮಂದಿರಿಬ್ಬರಿಗೂ ಸೇರಿಸಿ ವರ್ಷದ ಪ್ರಶಸ್ತಿ ಕೊಟ್ಟಿತು. ಅಟ್ಲಾಂಟಾದ ಬ್ರೆಂಟ್ ಪೀಸ್ ಮತ್ತು ಕೈಲ್ ಪೀಸ್ ಎಂಬ ಸೋದರರು 2018ರಲ್ಲಿ ಹವಾಯಿಯ ಐರನ್‌ಮ್ಯಾನ್ ವಿಶ್ವ ಸ್ಪರ್ಧೆಯನ್ನೇ ಮುಗಿಸಿದರು. ಅದೆಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ ಪೂರ್ತಿ 42.2 ಕಿಲೋಮೀಟರ್ ಮ್ಯಾರಥಾನ್!

ಇದನ್ನೆಲ್ಲ ತಿಳಿದು ನಮಗಿಬ್ಬರಿಗೆ ಉತ್ಸಾಹವೋ ಉತ್ಸಾಹ. ನಾವೂ ಮಾಡೋಣ ಎಂದು ಮನೆಯಲ್ಲಿ ಹೇಳಿದೆವು. ಅಪ್ಪ ಸುಮ್ಮನಿದ್ದರು. ಅಮ್ಮ ಮಾತ್ರ ಒಂದೇ ಮಾತು ಕೇಳಿದರು. “ನಿಮ್ಮ ಆಸೆ ಸರಿ. ಅವನ ಆಸೆ ಏನು? ನಾಲ್ಕು ಜನ ಫೋಟೋ ತೆಗೆಯಲಿ ಅಂತ ಅವನನ್ನು ಬಿಸಿಲಲ್ಲಿ ಎಳೆದುಕೊಂಡು ಹೋಗುವುದಾದರೆ ನಾನು ಒಪ್ಪುವುದಿಲ್ಲ.”

ಅಮ್ಮನ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಪುಟ್ಟನ ಜೀವನದಲ್ಲಿ ಹೆಚ್ಚಿನದ್ದನ್ನು ತೀರ್ಮಾನಿಸುವವರು ಬೇರೆಯವರು. ಯಾವಾಗ ಏಳಬೇಕು, ಯಾವ ಕಡೆ ಮುಖ ಮಾಡಿ ಕೂರಬೇಕು, ಯಾವಾಗ ಊಟ, ಎಲ್ಲವನ್ನೂ. ಅದು ಅನಿವಾರ್ಯ. ಇನ್ನೊಂದನ್ನೂ ನಾವೇ ತೀರ್ಮಾನಿಸಿ ಅವನ ಮೇಲೆ ಹೇರಿದರೆ ಅದು ಅವನ ಟ್ರಯಥ್ಲಾನ್ ಆಗುವುದಿಲ್ಲ, ಅವನನ್ನು ಹೊತ್ತ ನಮ್ಮ ಟ್ರಯಥ್ಲಾನ್ ಆಗುತ್ತದೆ. ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ಮೂರು ಬೇರೆ ಬೇರೆ ದಿನ ಕೇಳುವುದು, ಮೂರು ದಿನವೂ ಹೌದು ಎಂದರೆ ಮಾತ್ರ ಮುಂದುವರಿಯುವುದು. ಆಮೇಲೂ ಪ್ರತಿ ಅಭ್ಯಾಸಕ್ಕೆ ಮೊದಲು ಕೇಳುವುದು. ಸ್ಪರ್ಧೆಯ ಮಧ್ಯದಲ್ಲಿ ಬೇಡ ಎಂದರೂ ಅಲ್ಲಿಗೇ ನಿಲ್ಲಿಸುವುದು.

ಮೊದಲ ದಿನ ವಿಡಿಯೋ ತೋರಿಸಿ ಕೇಳಿದೆವು. ಕಣ್ಣು ಮೇಲೆ ಹೋಯಿತು. ಎರಡನೇ ದಿನ ಕಷ್ಟಗಳನ್ನೆಲ್ಲ ಹೇಳಿ ಕೇಳಿದೆವು. ದೋಣಿ ಅಲುಗುತ್ತದೆ, ಉಪ್ಪು ನೀರು ಮುಖಕ್ಕೆ ಹಾರುತ್ತದೆ, ಗಾಡಿ ಕುಲುಕುತ್ತದೆ ಎಂದೆವು. ಅವನು ಬಹಳ ಹೊತ್ತು ಯೋಚಿಸಿ ಹಲಗೆ ಬೇಕೆಂದು ಸೂಚಿಸಿದ. ಅಕ್ಷರ ಅಕ್ಷರ ಜೋಡಿಸಿ ಕೇಳಿದ ಪ್ರಶ್ನೆ: “ಬಿದ್ದರೆ?” ಬಿದ್ದರೆ ಏನೇನು ಮಾಡುತ್ತೇವೆ ಎಂದು ವಿವರಿಸಿದೆವು. ಕಣ್ಣು ಮೇಲೆ ಹೋಯಿತು. ಮೂರನೇ ದಿನ ನಾವು ಬಾಯಿ ತೆರೆಯುವ ಮೊದಲೇ ಕಣ್ಣು ಮೇಲಿತ್ತು. ಅಮ್ಮ ನಕ್ಕು ಒಪ್ಪಿದರು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಮೊದಲು ವಿಚಾರಿಸಿದ ಒಂದು ಕಡೆ, ಇಂಥ ತಂಡಕ್ಕೆ ನಮ್ಮಲ್ಲಿ ನಿಯಮವಿಲ್ಲ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸಿದರು. ಎರಡನೆಯವರು ನಮ್ಮನ್ನು ಕರೆಸಿ, ಪುಟ್ಟನನ್ನೂ ನೋಡಿ, ಷರತ್ತುಗಳ ಮೇಲೆ ಒಪ್ಪಿದರು. ವೈದ್ಯರ ಪತ್ರ ಬೇಕು, ಪುಟ್ಟನಿಗೆ ತಲೆಯನ್ನು ನೀರಿನ ಮೇಲೆ ಹಿಡಿದಿಡುವ ಲೈಫ್ ಜಾಕೆಟ್ ಬೇಕು, ದೋಣಿಯ ಪಕ್ಕದಲ್ಲೇ ಒಬ್ಬ ಜೀವರಕ್ಷಕ ಇರಬೇಕು, ಎಲ್ಲರೂ ಹೊರಟ ಮೇಲೆ ಕೊನೆಯಲ್ಲಿ ಹೊರಡಬೇಕು. ನಾವೂ ಒಂದು ಬೇಡಿಕೆ ಇಟ್ಟೆವು. ಹೊರಡುವ ಸೂಚನೆಗೆ ಹಾರನ್ ಊದಬಾರದು. ಪುಟ್ಟನಂಥ ಮಕ್ಕಳಿಗೆ ಹಠಾತ್ ಶಬ್ದ ಕೇಳಿದರೆ ಇಡೀ ಮೈ ಬೆಚ್ಚಿ ಬಿಗಿದುಕೊಳ್ಳುತ್ತದೆ. ಮತ್ತೆ ಸಡಿಲವಾಗಲು ಸಮಯ ಹಿಡಿಯುತ್ತದೆ. ಅವರು ಬಾವುಟ ಬೀಸಲು ಒಪ್ಪಿದರು.

2022ರ ಅಕ್ಟೋಬರ್‌ನಲ್ಲಿ ಅಭ್ಯಾಸ ಆರಂಭಿಸಿದೆವು. ಶನಿವಾರ, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಮ್ಝರ್ ಕಡಲತೀರ. ಅಲ್ಲಿ ಅಲೆಗಳು ಕಡಿಮೆ. ಗಾಳಿ ತುಂಬುವ ಚಿಕ್ಕ ದೋಣಿಯಲ್ಲಿ ದಿಂಬುಗಳ ನಡುವೆ ಪುಟ್ಟ. ನಮ್ಮಿಬ್ಬರ ಸೊಂಟದ ಬೆಲ್ಟಿನಿಂದ ದೋಣಿಗೆ ಎರಡು ಹಗ್ಗ. ಹಗ್ಗ ಗಿಡ್ಡವಾದರೆ ನಮ್ಮ ಕಾಲು ದೋಣಿಗೆ ಬಡಿಯುತ್ತದೆ, ಉದ್ದವಾದರೆ ದೋಣಿ ಅಡ್ಡಾದಿಡ್ಡಿ ಹೋಗುತ್ತದೆ. ಕೊನೆಗೆ ಮೂರು ಮೀಟರ್ ಸರಿ ಹೊಂದಿತು. ಇನ್ನೊಂದು ತೊಡಕು ಇತ್ತು. ನಮ್ಮಲ್ಲಿ ಒಬ್ಬರು ಸ್ವಲ್ಪ ವೇಗವಾಗಿ ಈಜಿದರೂ ದೋಣಿ ತಿರುಗಿಬಿಡುತ್ತದೆ. ಕಂಬಳದ ಜೋಡಿ ಕೋಣಗಳ ಹಾಗೆ ಇಬ್ಬರೂ ಒಂದೇ ಸಮ ಹೋಗಬೇಕು. ಮನೆಯಲ್ಲಿ ರಿಮೋಟ್‌ಗಾಗಿ ಜಗಳವಾಡುವ ನಾವು ನೀರಿನಲ್ಲಿ ಹೊಂದಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಯಾರು ಮುಂದಾದರೆಂದು ನೀರಿನಲ್ಲಿರುವ ನಮಗೆ ಕಾಣುವುದಿಲ್ಲ. ದೋಣಿಯಲ್ಲಿದ್ದ ಪುಟ್ಟನಿಗೆ ಕಾಣುತ್ತದೆ. ದೋಣಿ ತಿರುಗಿದ ಕೂಡಲೇ ಅವನು “ಆ” ಎಂದು ಕೂಗುತ್ತಿದ್ದ. ನಾವು ನಿಂತು ಸರಿಮಾಡಿಕೊಳ್ಳುತ್ತಿದ್ದೆವು. ಹೀಗೆ ಅವನು ನಮ್ಮ ಚುಕ್ಕಾಣಿಗಾರನಾದ.

ಸೈಕಲ್ ಅಭ್ಯಾಸಕ್ಕೆ ಮುಶ್ರಿಫ್ ಪಾರ್ಕಿಗೆ ಹೋಗುತ್ತಿದ್ದೆವು. ಎರಡು ಚಕ್ರದ ಗಾಡಿಯನ್ನು ಸೈಕಲ್ಲಿನ ಹಿಂದಿನ ಚಕ್ರದ ಅಚ್ಚಿಗೆ ಜೋಡಿಸುತ್ತಾರೆ. ಜೋಡಣೆ ಕೆಳಗಿರುವುದರಿಂದ ಸೈಕಲ್ ವಾಲಿದರೂ ಗಾಡಿ ಮಗುಚುವುದಿಲ್ಲ. ಗಾಡಿ 12 ಕಿಲೋ, ಪುಟ್ಟ 22 ಕಿಲೋ. ಏರಿನಲ್ಲಿ ತೊಡೆ ಉರಿಯುತ್ತದೆ ಎಂದು ನಾವು ಮೊದಲೇ ಎಣಿಸಿದ್ದೆವು. ಆದರೆ ಕಷ್ಟವಿದ್ದದ್ದು ಇಳಿಜಾರಿನಲ್ಲಿ. ಬ್ರೇಕ್ ಹಿಡಿದರೂ ಹಿಂದಿನ ಭಾರ ನಮ್ಮನ್ನು ಮುಂದಕ್ಕೆ ನೂಕುತ್ತದೆ. ಹಾಗಾಗಿ ಒಬ್ಬರು ಗಾಡಿ ಎಳೆಯುವುದು, ಇನ್ನೊಬ್ಬರು ಹಿಂದೆ ಬರುತ್ತಾ ಪುಟ್ಟನ ತಲೆ ವಾಲಿದೆಯೇ, ಪಟ್ಟಿ ಸಡಿಲವಾಗಿದೆಯೇ ಎಂದು ನೋಡುವುದು, 3 ಕಿಲೋಮೀಟರಿಗೆ ಅದಲುಬದಲಾಗುವುದು ಎಂದು ಗೊತ್ತುಮಾಡಿಕೊಂಡೆವು. ಓಟಕ್ಕೆ ಮೂರು ಚಕ್ರದ ಗಾಡಿ. ಅದರ ಮುಂದಿನ ಚಕ್ರ ಅಕ್ಕಪಕ್ಕ ತಿರುಗುವುದಿಲ್ಲ. ತಿರುವು ಬಂದಾಗ ಹಿಡಿಕೆ ಒತ್ತಿ ಮುಂಭಾಗವನ್ನು ಎತ್ತಿ ತಿರುಗಿಸಬೇಕು. ಕೈ ಜಾರಿದರೂ ಗಾಡಿ ಓಡಿಹೋಗದಂತೆ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು.

ಈಗ, ಪುಟ್ಟ ಸುಮ್ಮನೆ ಕುಳಿತಿದ್ದನೇ ಎಂಬ ಪ್ರಶ್ನೆಗೆ ಬರೋಣ. ಓದುಗರೇ, ಒಂದು ಪ್ರಯೋಗ ಮಾಡಿ ನೋಡಿ. ಅಲುಗಾಡುವ ಬಸ್ಸಿನಲ್ಲಿ ಏನನ್ನೂ ಹಿಡಿದುಕೊಳ್ಳದೆ, ಬೆನ್ನು ಒರಗಿಸದೆ, ತಲೆ ನೇರವಾಗಿಟ್ಟುಕೊಂಡು ಹತ್ತು ನಿಮಿಷ ಕುಳಿತುಕೊಳ್ಳಿ. ನಮ್ಮ ಮಿದುಳು ನಮಗೆ ತಿಳಿಯದಂತೆಯೇ ನೂರಾರು ಸಣ್ಣ ಆಜ್ಞೆಗಳನ್ನು ಕಳಿಸಿ ನಮ್ಮನ್ನು ನೆಟ್ಟಗೆ ಇಡುತ್ತದೆ. ಪುಟ್ಟನಿಗೆ ಆ ಸಹಾಯವಿಲ್ಲ. ದಿಂಬು, ಪಟ್ಟಿಗಳೆಲ್ಲ ಇದ್ದರೂ ಪ್ರತಿ ಕುಲುಕಾಟಕ್ಕೂ ಕುತ್ತಿಗೆಯನ್ನು ಅವನೇ ಪ್ರಯತ್ನಪಟ್ಟು ಎತ್ತಬೇಕು. ಶುರುವಿನಲ್ಲಿ ಗಾಡಿಯಲ್ಲಿ ಹತ್ತು ನಿಮಿಷಕ್ಕೇ ಸುಸ್ತಾಗುತ್ತಿದ್ದ. ಅವನ ಫಿಸಿಯೋಥೆರಪಿಸ್ಟ್ ಅವನಿಗೇ ಬೇರೆ ಅಭ್ಯಾಸ ಹಾಕಿಕೊಟ್ಟರು. ದೊಡ್ಡ ಚೆಂಡಿನ ಮೇಲೆ ಬೋರಲು ಮಲಗಿ ತಲೆ ಎತ್ತುವುದು, ಮೊದಲು ಐದು ಸಲ, ಆಮೇಲೆ ಹತ್ತು, ಆಮೇಲೆ ಇಪ್ಪತ್ತು. ಸಂಜೆ ನಾವು ಹೋಂವರ್ಕ್ ಮಾಡುವಾಗ ಅವನು ಬೆವರು ಸುರಿಸುತ್ತಾ ಅದನ್ನು ಮಾಡುತ್ತಿದ್ದ. ಜನವರಿ ಹೊತ್ತಿಗೆ ಗಾಡಿಯಲ್ಲಿ ನಲವತ್ತು ನಿಮಿಷ ಕೂರುತ್ತಿದ್ದ. ನಮ್ಮ ಮೂವರಲ್ಲಿ ಯಾರ ತಯಾರಿ ಹೆಚ್ಚು ಕಠಿಣವಾಗಿತ್ತು ಎಂದು ಈಗ ನೀವೇ ಹೇಳಿ.

ಸ್ಪರ್ಧೆಯ ದಿನ ಬಂತು. ಸಮಯ ಅಳೆಯುವ ಚಿಪ್ಪನ್ನು ಸ್ಪರ್ಧಿಗಳ ಪಾದದ ಗಂಟಿಗೆ ಕಟ್ಟುತ್ತಾರೆ. ತಂಡಕ್ಕೆ ಒಂದೇ ಚಿಪ್ ಎಂದಾಗ, ಅದನ್ನು ಪುಟ್ಟನ ಕಾಲಿಗೆ ಕಟ್ಟಿ ಎಂದೆವು. ಅಂದರೆ ನಾವಿಬ್ಬರೂ ಗೆರೆ ದಾಟಿದರೂ ಲೆಕ್ಕಕ್ಕಿಲ್ಲ, ಅವನ ಕಾಲು ದಾಟಿದರೆ ಮಾತ್ರ ಲೆಕ್ಕ. ಬಾವುಟ ಬೀಸಿದರು. ನೀರು ತಣ್ಣಗಿತ್ತು. ದೋಣಿ ಎರಡು ಸಲ ತಿರುಗಿತು, ಎರಡು ಸಲವೂ ಚುಕ್ಕಾಣಿಗಾರ ಕೂಗಿದ. ದಡದಲ್ಲಿ ಅಪ್ಪ ಅವನನ್ನು ಎತ್ತಿ ಗಾಡಿಗೆ ಕೂರಿಸಿದರು. ಅಮ್ಮ ಒಣ ಬಟ್ಟೆ ಹಾಕಿದರು. ಕೇಳಿದೆವು, “ಸೈಕಲ್?” ಕಣ್ಣು ಮೇಲೆ. ಸೈಕಲ್ಲಿನ 6 ಕಿಲೋಮೀಟರ್ ಯಾವ ತೊಂದರೆಯೂ ಇಲ್ಲದೆ ಮುಗಿಯಿತು.

ಓಟದ ಗಾಡಿಗೆ ಕೂರಿಸಿ ನಿಯಮದಂತೆ ಕೇಳಿದೆವು, “ಓಡೋಣವಾ?” ಪುಟ್ಟ ಗಟ್ಟಿಯಾಗಿ ಕಣ್ಣು ಮುಚ್ಚಿದ. ಬೇಡ!

ನಮ್ಮ ಎದೆ ಧಸಕ್ಕೆಂದಿತು. ಪಟ್ಟಿ ಒತ್ತುತ್ತಿದೆಯೇ ಎಂದು ಸಡಿಲಿಸಿ ಮತ್ತೆ ಕೇಳಿದೆವು. ಬೇಡ. ನೀರು ಕುಡಿಸಿ ಕೇಳಿದೆವು. ಬೇಡ. ಸುತ್ತಲಿದ್ದವರು ಚಪ್ಪಾಳೆ ತಟ್ಟಿ “ಗೋ, ಗೋ” ಎಂದು ಕೂಗುತ್ತಿದ್ದರು. ಒಬ್ಬರು, “ಎರಡೇ ಕಿಲೋಮೀಟರ್ ಅಲ್ಲವಾ, ತಳ್ಳಿಬಿಡಿ, ಅವನಿಗೇನು ಗೊತ್ತಾಗುತ್ತದೆ?” ಎಂದರು. ನಾಲ್ಕು ತಿಂಗಳ ಶ್ರಮ. ಮುಂದೆ ಖಾಲಿ ರಸ್ತೆ. ತಳ್ಳಿದರೆ ತಡೆಯುವವರು ಯಾರೂ ಇರಲಿಲ್ಲ, ಪುಟ್ಟನನ್ನೂ ಸೇರಿಸಿ. ಹಾಗೆ ತಡೆಯಲಾರದವನ ಮಾತಿಗೆ ಬೆಲೆ ಇದೆಯೇ ಎಂಬುದೇ ಆ ಹೊತ್ತಿನ ಪರೀಕ್ಷೆಯಾಗಿತ್ತು. ನಾವು ಗಾಡಿಯ ಬ್ರೇಕ್ ಹಾಕಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟೆವು.

ಹಲಗೆ ತಂದುಕೊಟ್ಟದ್ದು ಅಮ್ಮ. ಸಾಲು ಸಾಲಾಗಿ ಬೆರಳು ಓಡಿಸಿದೆವು. ಬಂದದ್ದು ಎರಡೇ ಅಕ್ಷರ. ಮೊದಲು ‘ಕೊ’, ಆಮೇಲೆ ‘ಡೆ’. ಬಿಸಿಲಿಗೆಂದು ಗಾಡಿಯ ಮುಂದಕ್ಕೆ ಎಳೆದಿದ್ದ ಮೇಲ್ಹೊದಿಕೆಯನ್ನು ಅವನು ಕೊಡೆ ಎನ್ನುತ್ತಿದ್ದ. ಅದು ಅವನ ಕಣ್ಣಿಗೆ ಅಡ್ಡವಾಗಿತ್ತು. ಮಡಚಿ ಹಿಂದಕ್ಕೆ ಹಾಕಿ, ತಲೆಗೆ ಟೋಪಿ ಇಟ್ಟೆವು. ಎದುರಿಗೆ ರಸ್ತೆ, ಸಮುದ್ರ, ಜನ ಎಲ್ಲವೂ ಕಂಡಿತು. “ಈಗ?” ಎಂದೆವು. ಅವನ ಕಣ್ಣು ಆಕಾಶಕ್ಕೆ ಏರಿತು.

ಅಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಆಮೇಲಿನ 2 ಕಿಲೋಮೀಟರ್‌ನಲ್ಲಿ ಅವನು ದಾರಿಯುದ್ದಕ್ಕೂ ಕೂಗುತ್ತಾ, ನಗುತ್ತಾ ಇದ್ದ. ಒಟ್ಟು 1 ಗಂಟೆ 14 ನಿಮಿಷ. ಫಲಿತಾಂಶ ಪಟ್ಟಿಯ ಕೊನೆಯ ಸಾಲು ನಮ್ಮದು. ಮೂರು ಪದಕ ಕೊಟ್ಟರು. ಪುಟ್ಟನ ಪದಕ ಅವನ ಹಾಸಿಗೆಯ ಪಕ್ಕದ ಗೋಡೆಯಲ್ಲಿ, ಮಲಗಿದಾಗ ಅವನಿಗೆ ಕಾಣುವ ಎತ್ತರದಲ್ಲಿ ನೇತಾಡುತ್ತಿದೆ. ಎಲ್ಲಿ ಹಾಕಬೇಕೆಂದು ಹೇಳಿದ್ದೂ ಅವನೇ.

ಕೋಟದಲ್ಲಿರುವ ನಮ್ಮ ಅಜ್ಜಿಗೆ ವಿಡಿಯೋ ಕಳಿಸಿದೆವು. ಅಜ್ಜಿ ಕುಂದಾಪುರ ಕನ್ನಡದಲ್ಲಿ, “ತೇರ್ ಎಳ್ದಂಗೆ ಆಯ್ತ್ ಕಾಣಿ” ಎಂದರು. ಪಕ್ಕದ ಸಾಲಿಗ್ರಾಮದ ಗುರು ನರಸಿಂಹ ದೇವರ ತೇರನ್ನು ಊರಿನವರೆಲ್ಲ ಸೇರಿ ಎಳೆಯುತ್ತಾರೆ. ತೇರಿನಲ್ಲಿ ಕುಳಿತ ದೇವರು ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ ಎಂಬುದು ಅಜ್ಜಿಯ ವಾದ. ಪುಟ್ಟನಿಗೆ ಈ ಮಾತನ್ನು ಓದಿ ಹೇಳಿದಾಗ ಅವನು ನಗುತ್ತಲೇ ಕಣ್ಣು ಮುಚ್ಚಿದ. ದೇವರಾಗಲು ಅವನಿಗೆ ಇಷ್ಟವಿಲ್ಲ! ಅಜ್ಜಿ ಆಮೇಲೆ ಇನ್ನೊಂದು ಸಂಗತಿ ನೆನಪಿಸಿದರು. ಪೋಲಿಯೋದಿಂದ ಮೈಯ ಬಲ ಕಳೆದುಕೊಂಡರೂ ಗಾಲಿಕುರ್ಚಿಯಲ್ಲೇ ಆಡಿ ನೂರಾರು ಪದಕ ಗೆದ್ದು, 2001ರಲ್ಲಿ ಪದ್ಮಶ್ರೀ ಪಡೆದ ಮಾಲತಿ ಹೊಳ್ಳ ಅವರೂ ಅದೇ ಕೋಟದವರು. “ನಮ್ಮೂರ ನೀರಿನ ಗುಣ” ಎಂದು ಅಜ್ಜಿಗೆ ಹೆಮ್ಮೆ.

ಗೆಳೆಯರೇ, ನಮ್ಮ ಮನೆಗೆ ಬಂದಾಗ ಪುಟ್ಟನನ್ನು ನೋಡಿ ಏನು ಮಾಡಬೇಕೆಂದು ತಿಳಿಯದೆ ನೀವು ಸಂಕೋಚ ಪಡುವುದುಂಟು. ಅದು ಬಹಳ ಸುಲಭ. ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ ನಮಸ್ಕಾರ ಹೇಳಿ. “ಇವನಿಗೆ ಜ್ಯೂಸ್ ಬೇಕಾ?” ಎಂದು ನಮ್ಮನ್ನು ಕೇಳಬೇಡಿ, ಅವನನ್ನೇ ಕೇಳಿ. ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಪೋಷಕರಲ್ಲಿಯೂ ಒಂದು ವಿನಂತಿ. ನಿಮ್ಮ ಮಕ್ಕಳು ನಮ್ಮ ತಮ್ಮನ ಬಗ್ಗೆ ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ದಯವಿಟ್ಟು ಗದರಿಸಿ ಸುಮ್ಮನಾಗಿಸಬೇಡಿ. ಉತ್ತರ ಹೇಳಲು ನಮಗೆ ಸಂತೋಷವೇ.

ಮುಂದಿನ ಟ್ರಯಥ್ಲಾನ್ ಯಾವಾಗ ಎಂದು ಹಲವರು ಕೇಳುತ್ತಾರೆ. ನಾವೂ ಪುಟ್ಟನನ್ನು ಕೇಳಿದೆವು. ಅವನು ಕಣ್ಣು ಮುಚ್ಚಿದ. ಅವನಿಗೆ ಈಗ ಬೇರೆ ಆಟ ಬೇಕಾಗಿದೆ, ಬೋಚಾ. ಬಿಳಿ ಚೆಂಡಿನ ಹತ್ತಿರಕ್ಕೆ ಬಣ್ಣದ ಚೆಂಡುಗಳನ್ನು ಉರುಳಿಸುವ ಈ ಆಟ 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಕೈಯಿಂದ ಎಸೆಯಲಾಗದವರು ಒಂದು ಇಳಿಜಾರು ಹಲಗೆಯ ಮೇಲಿಂದ ಚೆಂಡನ್ನು ಉರುಳಿಸಬಹುದು. ಹಲಗೆಯನ್ನು ಆ ಕಡೆ ಈ ಕಡೆ ತಿರುಗಿಸಲು ಒಬ್ಬ ಸಹಾಯಕ ಇರಬಹುದು. ಆದರೆ ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು, ತಿರುಗಿ ನೋಡುವಂತಿಲ್ಲ. ಎಷ್ಟು ಎಡಕ್ಕೆ, ಎಷ್ಟು ಬಲಕ್ಕೆ, ಎಷ್ಟು ಎತ್ತರಕ್ಕೆ ಎಂಬುದೆಲ್ಲ ಆಟಗಾರನ ತೀರ್ಮಾನ. ಈಗ ಶನಿವಾರಗಳಂದು ನಾವಿಬ್ಬರೂ ಸರದಿಯಂತೆ ಅಂಕಣಕ್ಕೆ ಬೆನ್ನು ಹಾಕಿ, ಪುಟ್ಟನ ಕಣ್ಣನ್ನಷ್ಟೇ ನೋಡುತ್ತಾ ಕೂರುತ್ತೇವೆ. ಚೆಂಡು ಎಲ್ಲಿಗೆ ಹೋಯಿತೆಂದು ನಮಗೆ ತಿಳಿಯುವುದು ಅವನ ನಗು ಕೇಳಿದ ಮೇಲೆ.